ರವದಿಗೆ ಬೆಂಕಿ ಏಕೆ, ಬೆಲೆ ಏಕಿಲ್ಲ?

ಸಕ್ಕರೆ ಕಾರ್ಖಾನೆಗಳ ಹಂಗಾಮು ಆರಂಭವಾಯಿತೆಂದರೆ ಕೃಷ್ಣಾ, ಘಟಪ್ರಭಾ, ಪಂಚಗಂಗಾ ನದಿಗಳ ತೀರದಲ್ಲಿ ಸಂಜೆಯ ಆಕಾಶಕ್ಕೆ ಬೇರೆಯೇ ಬಣ್ಣ ಬರುತ್ತದೆ. ಕಬ್ಬು ಕಡಿದು ಸಾಗಿಸಿದ ಹೊಲದಲ್ಲಿ ಉಳಿದ ಒಣಗರಿಯ ರಾಶಿಗೆ ಬೆಂಕಿ ಬೀಳುತ್ತದೆ. ಅರ್ಧ ಗಂಟೆಯೊಳಗೆ ಒಂದು ಎಕರೆ ಕಪ್ಪಾಗುತ್ತದೆ. ಮಿರಜ್ ಕಡೆಯಿಂದ ರಾತ್ರಿ ಗಾಡಿಯಲ್ಲಿ ಪುಣೆಗೋ ಮುಂಬಯಿಗೋ ಮರಳುವ ನಮ್ಮವರು ಕಿಟಕಿಯಿಂದ ಈ ದೃಶ್ಯವನ್ನು ನೋಡಿಯೇ ಇರುತ್ತಾರೆ. ಅದೇ ಜನ ಮನೆಗೆ ಬಂದು, ನಾಲ್ಕನೆಯ ಮಹಡಿಯ ಸಜ್ಜೆಯಲ್ಲಿರುವ ತುಳಸಿ, ಕರಿಬೇವು, ದಾಸವಾಳಗಳ ಕುಂಡಗಳಿಗೆ ನೀರುಣಿಸುತ್ತಾರೆ. ಹೋಳಿಹುಣ್ಣಿಮೆ ಕಳೆದ ಮೇಲೆ ಬೆಳಿಗ್ಗೆ ಹಾಕಿದ ನೀರು ಮಧ್ಯಾಹ್ನದ ಹೊತ್ತಿಗೆ ಆರಿ, ಕುಂಡದ ಮಣ್ಣು ಬಿರುಕು ಬಿಡುತ್ತದೆ. ಅಲ್ಲಿ ಸುಡುತ್ತಿರುವ ವಸ್ತುವೂ ಇಲ್ಲಿ ಬೇಕಾಗಿರುವ ವಸ್ತುವೂ ಒಂದೇ ಎಂಬುದು ಮಾತ್ರ ನಮ್ಮ ಗಮನಕ್ಕೆ ಬಂದಂತಿಲ್ಲ. ಈ ಒಣಗರಿಗೆ ಉತ್ತರ ಕರ್ನಾಟಕದಲ್ಲಿ ರವದಿ ಎನ್ನುತ್ತೇವೆ. ನಾವಿರುವ ಈ ಊರಿನವರು ಪಾಚಟ್ ಎನ್ನುತ್ತಾರೆ. ಇದನ್ನು ತೋಟದ ಮಣ್ಣಿಗೆ ಹೊದಿಕೆಯಾಗಿ ಮಾರುವ ಒಂದು ಪ್ರಾಮಾಣಿಕ ಉದ್ಯೋಗ ನಿಲ್ಲಬಲ್ಲುದೇ, ನಿಲ್ಲಬೇಕಾದರೆ ಏನೇನು ಬೇಕು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ರೈತನ ಕಡೆಯಿಂದ ನೋಡುವುದು ನ್ಯಾಯ. ನಗರದಲ್ಲಿ ಕುಳಿತು ಬೆಂಕಿ ಹಚ್ಚುವವನನ್ನು ಬಯ್ಯುವುದು ಸುಲಭ. ಒಂದು ಹೆಕ್ಟೇರು ಕಬ್ಬಿನ ಹೊಲದಲ್ಲಿ 8ರಿಂದ 10 ಟನ್ನಿನಷ್ಟು, ಎಂದರೆ ಎಕರೆಗೆ ಮೂರರಿಂದ ನಾಲ್ಕು ಟನ್ ಒಣಗರಿ ಬೀಳುತ್ತದೆ. ತುದಿಯ ಹಸಿರು ಸೋಗೆ ದನಕ್ಕಾಗುತ್ತದೆ. ಕಬ್ಬು ಕಡಿಯುವ ಗ್ಯಾಂಗಿನವರು ತಮ್ಮ ಎತ್ತುಗಳಿಗೂ ಅದನ್ನು ಒಯ್ಯುತ್ತಾರೆ. ಒಣಗರಿಯನ್ನು ಮಾತ್ರ ಯಾವ ಪ್ರಾಣಿಯೂ ಮೂಸುವುದಿಲ್ಲ. ಅದರ ಅಂಚು ಗರಗಸದಂತೆ ಕೈ ಕೊಯ್ಯುತ್ತದೆ. ಅದು ಹಾಗೆಯೇ ಬಿದ್ದಿದ್ದರೆ ಸಾಲಿನಲ್ಲಿ ನೀರು ಹಾಯುವುದಿಲ್ಲ, ಕೂಳೆಯ ಚಿಗುರು ಮೇಲೇಳಲು ತಡವಾಗುತ್ತದೆ, ಇಲಿ ಹಾವುಗಳ ಭಯ ಬೇರೆ. ಅದನ್ನು ಬಳಿದು ಬದುವಿಗೆ ಹಾಕಲು ಆಳು ಸಿಕ್ಕುವುದಿಲ್ಲ, ಸಿಕ್ಕರೂ ಕೂಲಿ ಗಿಟ್ಟುವುದಿಲ್ಲ. ಒಂದು ಕಡ್ಡಿಪೆಟ್ಟಿಗೆಯ ಖರ್ಚಿನಲ್ಲಿ ಇಷ್ಟು ತೊಂದರೆಗಳು ಒಮ್ಮೆಲೇ ಪರಿಹಾರವಾಗುವುದಾದರೆ ಬೇರೆ ಯಾರಾದರೂ ಅವನ ಸ್ಥಾನದಲ್ಲಿದ್ದು ಮಾಡುತ್ತಿದ್ದುದೇನು? ಆದುದರಿಂದ ಉಪದೇಶದಿಂದಾಗಲೀ ದಂಡದಿಂದಾಗಲೀ ಈ ಬೆಂಕಿ ನಂದೀತೆಂಬ ನಂಬಿಕೆ ನನಗಿಲ್ಲ.

ಬೆಂಕಿಯ ಲೆಕ್ಕ ಅಷ್ಟು ಅಗ್ಗದ್ದಲ್ಲವೆಂಬುದು ನಿಜ. ರವದಿಯ ತೂಕದಲ್ಲಿ ನೂರಕ್ಕೆ ಅರ್ಧ ಪಾಲಿಗಿಂತ ತುಸು ಕಡಿಮೆ ಸಾರಜನಕವಿರುತ್ತದೆ. ಒಂದು ಎಕರೆಯ ರವದಿಯಲ್ಲಿ ಸುಮಾರು 14 ಕಿಲೋ ಸಾರಜನಕವಿದೆಯೆಂದು ಹಿಡಿದರೆ, ಅದು 30 ಕಿಲೋ ಯೂರಿಯಾಕ್ಕೆ ಸಮ. ಅಂದರೆ ಈಗಿನ 45 ಕಿಲೋ ಚೀಲದಲ್ಲಿ ಮೂರರಲ್ಲಿ ಎರಡು ಪಾಲು. ಸುಟ್ಟಾಗ ಇದು ಬಹುತೇಕ ಎಲ್ಲವೂ ಗಾಳಿಗೆ ಹೋಗುತ್ತದೆ. ಪೊಟ್ಯಾಷು, ಸುಣ್ಣಗಳಷ್ಟೇ ಬೂದಿಯಲ್ಲಿ ಉಳಿಯುತ್ತವೆ. ಅದಕ್ಕಿಂತ ದೊಡ್ಡ ನಷ್ಟ, ಮಣ್ಣಿಗೆ ಸೇರಬೇಕಾಗಿದ್ದ ಇಂಗಾಲದ್ದು. ಇನ್ನು ಹೊಗೆಯ ಮಾತು. ಅದರಲ್ಲಿರುವ ಅತಿ ಸೂಕ್ಷ್ಮ ಕಣಗಳು ಕೂದಲಿನ ದಪ್ಪದ ಮೂವತ್ತನೆಯ ಒಂದು ಪಾಲಿಗಿಂತಲೂ ಚಿಕ್ಕವು. ಮೂಗಿನ ರೋಮಗಳಿಗೆ ಸಿಕ್ಕದೆ ಶ್ವಾಸಕೋಶದ ಒಳಗೂಡಿನವರೆಗೆ ಇಳಿಯಬಲ್ಲವು. ಊರಿನಲ್ಲಿರುವ ನಮ್ಮ ತಂದೆತಾಯಿಗಳಿಗೆ ಚಳಿಗಾಲದಲ್ಲಿ ದಮ್ಮು ಹೆಚ್ಚಿತೆಂದು ಫೋನು ಬಂದಾಗ ನಾವು ಇಲ್ಲಿಂದ ಔಷಧಿ ಕಳುಹಿಸುತ್ತೇವೆ. ಅವರ ಮನೆಯ ಹಿಂದಿನ ಹೊಲದಲ್ಲಿ ಏನು ಸುಡುತ್ತಿದೆಯೆಂದು ಕೇಳುವುದಿಲ್ಲ.

ಮಣ್ಣಿಗೆ ಹೊದಿಕೆ ಹಾಕುವ ವಿದ್ಯೆ ಹೊರಗಿನಿಂದ ಬಂದುದೆಂದು ಭಾವಿಸಬೇಕಾಗಿಲ್ಲ. ಉತ್ತರ ಕನ್ನಡದ ಅಡಿಕೆ ತೋಟಗಳಿಗೆ ತಗುಲಿಕೊಂಡು ಸೊಪ್ಪಿನ ಬೆಟ್ಟಗಳಿರುವುದೇ ಇದಕ್ಕಾಗಿ. ತೋಟದ ಬುಡವನ್ನು ಸೊಪ್ಪು, ದರಗುಗಳಿಂದ ಮುಚ್ಚಿ, ಮಳೆಗೆ ಮಣ್ಣು ಕೊಚ್ಚದಂತೆ, ಬೇಸಗೆಗೆ ತೇವ ಆರದಂತೆ ಕಾಪಾಡಿದ ಜನ ನಾವು. ನಗರಕ್ಕೆ ಬಂದಾಗ ಭಾಷೆಯನ್ನೂ ಹಬ್ಬಗಳನ್ನೂ ತಂದೆವು. ಈ ಬುದ್ಧಿಯನ್ನು ಏಕೋ ಊರಲ್ಲಿಯೇ ಬಿಟ್ಟುಬಂದೆವು.

ರವದಿಯನ್ನೇ ಸರಕನ್ನಾಗಿ ಮಾಡಿದ ದೇಶವೊಂದಿದೆ. ಅದರ ಕಥೆ ಆರೋಗ್ಯ ಲೇಖನಗಳಿರುವ ಈ ಸಂಚಿಕೆಗೆ ಬಹಳ ಒಪ್ಪುವಂಥದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಕಬ್ಬಿಗೆ ಬೆಂಕಿ ಹಚ್ಚುವ ರೂಢಿ ಬಲಗೊಂಡದ್ದು ಸೋಮಾರಿತನದಿಂದಲ್ಲ, ಜ್ವರದ ಭಯದಿಂದ. 1930ರ ದಶಕದಲ್ಲಿ ಇಂಗಮ್ ಪಟ್ಟಣದ ಸುತ್ತಿನ ಕಬ್ಬು ಕಡಿಯುವವರಲ್ಲಿ ವೈಲ್ ಎಂಬವನ ಹೆಸರಿನ ಕಾಮಾಲೆ ಜ್ವರ ಕಾಣಿಸಿಕೊಂಡಿತು. 2005ರ ಮಹಾಪೂರದ ಬಳಿಕ ಮುಂಬಯಿಯವರು ಲೆಪ್ಟೋಸ್ಪೈರೋಸಿಸ್ ಎಂಬ ಹೆಸರಿನಿಂದ ಕಂಡ ಇಲಿಜ್ವರದ ಉಗ್ರರೂಪವೇ ಅದು. ಹೊಲದ ಇಲಿಗಳ ಮೂತ್ರದಿಂದ ಒದ್ದೆಯಾದ ರವದಿಯಲ್ಲಿ ಬರಿಗಾಲು, ಗಾಯಗೊಂಡ ಕೈಗಳಿಂದ ದುಡಿಯುತ್ತಿದ್ದ ಕಾರ್ಮಿಕರು ಸತ್ತರು. ಕಡಿಯುವ ಮೊದಲು ಹೊಲ ಸುಡಬೇಕೆಂದು ಅವರು 1934 ಮತ್ತು 1935ರಲ್ಲಿ ಮುಷ್ಕರ ಹೂಡಿದರು. ಆ ಕಾಲಕ್ಕೆ ಬೆಂಕಿಯೇ ಆರೋಗ್ಯ ರಕ್ಷಣೆಯಾಗಿತ್ತು.

ಮುಂದೆ 1970ರ ದಶಕ ಮುಗಿಯುವ ಹೊತ್ತಿಗೆ ಅಲ್ಲಿ ಕಡಿಯುವ ಕೆಲಸವನ್ನೆಲ್ಲ ಯಂತ್ರಗಳು ವಹಿಸಿಕೊಂಡವು. ಮನುಷ್ಯ ರವದಿಯಲ್ಲಿ ಕೈಯಿಡಬೇಕಾದ ಅಗತ್ಯವೇ ಉಳಿಯಲಿಲ್ಲ. ಮಳೆ ಹೆಚ್ಚಿರುವ ಉತ್ತರ ಭಾಗದಲ್ಲಿ ಸುಡದೆಯೇ ಕಡಿದು, ಗರಿಯನ್ನು ನೆಲಕ್ಕೆ ಕಂಬಳಿಯಂತೆ ಹಾಸುವ ಪದ್ಧತಿ ಬೇರೂರಿತು. ಬೆಂಕಿ ಕಾಣದ ಆ ಗರಿ ಶುಚಿಯಾಗಿದ್ದಿತು, ಹೊಂಬಣ್ಣದ್ದಾಗಿದ್ದಿತು. ಹೊಲಕ್ಕೆ ಬಿಟ್ಟು ಮಿಕ್ಕಿದುದನ್ನು ಕತ್ತರಿಸಿ, ಒತ್ತಿ, ಚೀಲ ತುಂಬಿ ಪಟ್ಟಣದ ತೋಟಗಾರರಿಗೆ ಮಾರುವ ಉದ್ಯೋಗ ಬೆಳೆಯಿತು. ಇಂದು ಆ ದೇಶದ ಯಾವ ತೋಟಗಾರಿಕೆಯ ಅಂಗಡಿಗೆ ಹೋದರೂ ಕಬ್ಬಿನ ಗರಿಯ ಹೊದಿಕೆ ಎಂಬುದು ಗೊಬ್ಬರ, ಬೀಜಗಳಷ್ಟೇ ಸಾಮಾನ್ಯವಾದ ಸರಕು. ಅದೇ ಕ್ವೀನ್ಸ್‌ಲ್ಯಾಂಡಿನ ಬರ್ಡೆಕಿನ್ ಪ್ರದೇಶದಲ್ಲಿ ಮಾತ್ರ ಹೆಚ್ಚಿನ ಹೊಲಗಳನ್ನು ಈಗಲೂ ಸುಡುತ್ತಾರೆ. ಕಾರಣ, ಅಲ್ಲಿ ಸಾಲುಗಳಲ್ಲಿ ನೀರು ಹಾಯಿಸುವ ಬೇಸಾಯ. ಗರಿ ನೀರಿಗೆ ಅಡ್ಡಬರುತ್ತದೆ. ನಮ್ಮ ಅಥಣಿ, ಜಮಖಂಡಿಗಳ ರೈತ ಹೇಳುವ ಮಾತನ್ನೇ ಅಲ್ಲಿಯ ರೈತನೂ ಹೇಳುತ್ತಾನೆ.

ನಮ್ಮಲ್ಲಿಯೇ ನಡೆದ ಇನ್ನೊಂದು ಉದಾಹರಣೆಯನ್ನು ಇದರ ಮಗ್ಗುಲಲ್ಲಿಟ್ಟು ನೋಡಬೇಕು. ತೆಂಗಿನ ಸಿಪ್ಪೆಯಿಂದ ಒಂದು ಕಿಲೋ ನಾರು ತೆಗೆದರೆ ಸುಮಾರು ಎರಡು ಕಿಲೋ ಪುಡಿ ಉದುರುತ್ತದೆ. ಒಂದು ಕಾಲಕ್ಕೆ ಕೇರಳದಲ್ಲಿಯೂ ನಮ್ಮ ತಿಪಟೂರು, ಅರಸೀಕೆರೆ ಕಡೆಯಲ್ಲಿಯೂ ನಾರಿನ ಕಾರ್ಖಾನೆಯ ಪಕ್ಕದಲ್ಲಿ ಈ ಪುಡಿಯ ಗುಡ್ಡಗಳು ಬಿದ್ದಿರುತ್ತಿದ್ದವು. ಮಳೆಗೆ ಅದರ ಕೆಂಪು ಕಷಾಯ ಇಳಿದು ಬಾವಿ ಕೆಡುತ್ತಿತ್ತು. ಇಂದು ಅದೇ ಪುಡಿ ಕೋಕೋಪೀಟ್ ಎಂಬ ಹೆಸರಿನಿಂದ ದೇಶದ ತೆಂಗಿನ ನಾರಿನ ಉತ್ಪನ್ನಗಳ ರಫ್ತಿನಲ್ಲಿ ಮೌಲ್ಯದ ಅತಿ ದೊಡ್ಡ ಪಾಲನ್ನು ತರುತ್ತಿದೆ. ಈ ಪವಾಡ ಹೇಗಾಯಿತು? ಪುಡಿಯ ಗುಣವೇನೂ ಬದಲಾಗಲಿಲ್ಲ. ಅದರ ಉಪ್ಪನ್ನು ತೊಳೆದು, ಒಣಗಿಸಿ, ಯಂತ್ರದಲ್ಲಿ ಐದು ಪಟ್ಟು ಒತ್ತಿ ಇಟ್ಟಿಗೆ ಮಾಡಿದರು. ಐದು ಕಿಲೋದ ಒಂದು ಅಚ್ಚು ನೀರು ಕುಡಿದರೆ 70 ಲೀಟರಿನಷ್ಟು ಅರಳುತ್ತದೆ. ಹಡಗಿನ ಬಾಡಿಗೆ ಗಾಳಿಗೆ ಕೊಡುವುದು ತಪ್ಪಿತು. ಕಸ ಸರಕಾದದ್ದು ಇಲ್ಲಿ, ಒತ್ತುಯಂತ್ರದ ಬಾಯಲ್ಲಿ.

ರವದಿಯ ವ್ಯಾಪಾರದ ಪ್ರಾಣವೂ ಇಲ್ಲಿಯೇ ಇದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೆಲವು ವರ್ಷಗಳ ಹಿಂದೆ ನಮ್ಮ ಕಾಕಾನ ಮಗನೊಬ್ಬ ಉತ್ಸಾಹದಿಂದ ಎರಡು ಎಕರೆಯ ರವದಿ ಕೂಡಿಸಿ, ಸಡಿಲವಾಗಿಯೇ ಟೆಂಪೋದಲ್ಲಿ ತುಂಬಿ ಪುಣೆಗೆ ಹೊರಡಿಸಿದ. ತೂಕದ ಕಟ್ಟೆಯಿಂದಲೇ ಫೋನು ಮಾಡಿ, “ಅಣ್ಣಾ, ಗಾಡಿ ತುಂಬೇತಿ, ಕಾಟಾದಾಗ ತೂಕಾನ ಬರವಲ್ತು” ಎಂದ. ಬಾಡಿಗೆ ಪೂರ್ತಿ, ಮಾಲು ನಾಲ್ಕು ಕ್ವಿಂಟಾಲಿಗಿಂತ ಕಡಿಮೆ. ಅದರ ಮೇಲೆ ಹಾದಿಯಲ್ಲಿ ಅಕಾಲದ ಮಳೆ ಬಿದ್ದು ಅರ್ಧ ರವದಿ ನೆನೆಯಿತು. ಮೂರನೆಯ ದಿನ ಬೂಷ್ಟಿನ ವಾಸನೆ. ಕೊಂಡುಕೊಳ್ಳುತ್ತೇನೆಂದಿದ್ದ ನರ್ಸರಿಯವರು ಒಂದು ಹಿಡಿಯನ್ನು ಮೂಸಿ ನೋಡಿ ಹಿಂದಿರುಗಿಸಿದರು. ಅವರ ತಪ್ಪೇನೂ ಇರಲಿಲ್ಲ. ಈ ಹುಡುಗ ತಂದದ್ದು ಹೊಲದ ಕಸ. ಅವರು ಕೇಳಿದ್ದು ಸರಕು.

ಸರಕಾಗಬೇಕಾದರೆ ಕಬ್ಬು ಕಡಿದ ನಂತರ ಒಂದೆರಡು ಬಿಸಿಲಿನಲ್ಲಿ ರವದಿ ಚೆನ್ನಾಗಿ ಒಣಗಬೇಕು. ಮಣ್ಣುಹೆಂಟೆ, ಕಬ್ಬಿನ ತುಂಡು, ಗ್ಯಾಂಗಿನವರು ಬಿಟ್ಟುಹೋದ ಪ್ಲಾಸ್ಟಿಕ್ ಚೀಲ ಇವನ್ನೆಲ್ಲ ಆರಿಸಬೇಕು. ಕಣಿಕೆ ಕತ್ತರಿಸುವ ಯಂತ್ರವನ್ನು ತುಸು ಬಲಪಡಿಸಿಕೊಂಡರೂ ಸಾಕು, ಎರಡು ಮೂರು ಅಂಗುಲದ ತುಂಡುಗಳಾಗಿ ಕತ್ತರಿಸಬಹುದು. ಆದರೆ ಗರಿಯಲ್ಲಿ ಸಿಲಿಕಾ ಹೆಚ್ಚಾದ್ದರಿಂದ ಅಲಗು ಬೇಗ ಮೊಂಡಾಗುತ್ತದೆ. ಅಲಗಿನ ಖರ್ಚನ್ನು ಲೆಕ್ಕಕ್ಕೆ ಹಿಡಿಯದವನು ಮೊದಲನೆಯ ವರ್ಷವೇ ಕೈಸುಟ್ಟುಕೊಳ್ಳುತ್ತಾನೆ. ಆಮೇಲೆ ಒತ್ತಿ ಚೀಲ ಕಟ್ಟುವ ಕೆಲಸ, ಎಲ್ಲಕ್ಕಿಂತ ಮಿಗಿಲಾಗಿ ಮಳೆ ಸೋರದ ಒಂದು ಶೆಡ್ಡು. ಕಬ್ಬಿನ ಹಂಗಾಮು ನವೆಂಬರಿನಿಂದ ಮಾರ್ಚಿನವರೆಗೆ. ಗಿರಾಕಿ ಬರುವುದು ಫೆಬ್ರವರಿಯಿಂದ ಜೂನಿನವರೆಗೆ. ಮಾಲನ್ನು ತಿಂಗಳುಗಟ್ಟಲೆ ಒಣಗಿಸಿಟ್ಟು ಕಾಯಬಲ್ಲವನಿಗೇ ಈ ವ್ಯಾಪಾರ.

ಇನ್ನೊಂದು ಸತ್ಯವನ್ನೂ ಮುಚ್ಚಿಡಬಾರದು. ಒಂದಡಿ ಅಗಲದ ಬಾಯಿರುವ ಕುಂಡಕ್ಕೆ ಎರಡಂಗುಲ ಹೊದಿಕೆ ಹಾಕಲು ಕತ್ತರಿಸಿದ ರವದಿ ಸುಮಾರು 200 ಗ್ರಾಂ ಸಾಕು. ಒಂದು ಟನ್ನಿನಲ್ಲಿ ಐದು ಸಾವಿರ ಕುಂಡಗಳು ಮುಚ್ಚುತ್ತವೆ; ಒಂದು ಎಕರೆಯ ರವದಿ 15 ಸಾವಿರಕ್ಕಿಂತ ಹೆಚ್ಚು ಕುಂಡಗಳಿಗಾಗುತ್ತದೆ. ಆದುದರಿಂದ ಸಜ್ಜೆಯ ಕುಂಡಗಳನ್ನು ನಂಬಿ ಬೆಳಗಾವಿ ಜಿಲ್ಲೆಯ ಬೆಂಕಿಯನ್ನೆಲ್ಲ ನಂದಿಸುತ್ತೇವೆಂದು ಹೊರಡುವುದು ಹಾಸ್ಯಾಸ್ಪದ. ಚಿಕ್ಕ ಚೀಲದಲ್ಲಿ ಕಿಲೋ ಲೆಕ್ಕದಲ್ಲಿ ಮಾರಿದರೆ ಒಳ್ಳೆಯ ಬೆಲೆ ಬರುವುದು ನಿಜ, ಹೆಸರು ಬರುವುದೂ ನಿಜ; ಟನ್ನಿನ ಲೆಕ್ಕದಲ್ಲಿ ಮಾಲು ಸಾಗಬೇಕಾದರೆ ಹೌಸಿಂಗ್ ಸೊಸೈಟಿಯ ತೋಟ, ನಗರಸಭೆಯ ಉದ್ಯಾನ, ನರ್ಸರಿ, ಸೊಲ್ಲಾಪುರ ವಿಜಯಪುರಗಳ ದ್ರಾಕ್ಷಿ ದಾಳಿಂಬೆಯ ತೋಟ, ಇವರೇ ಗಿರಾಕಿಗಳಾಗಬೇಕು. ನೂರು ಚದರ ಮೀಟರಿನ ಹೂವಿನ ಪಾತಿಗೆ ಮೂರು ಅಂಗುಲ ಹೊದಿಕೆಯೆಂದರೆ ಮೂರೂವರೆ ಕ್ವಿಂಟಾಲಿನಷ್ಟು ಬೇಕು. ಸಕ್ಕರೆ ಕಾರ್ಖಾನೆಯ ಬಾಯ್ಲರಿಗೋ ಉರುವಲಿನ ಇಟ್ಟಿಗೆಗೋ ರವದಿಯನ್ನು ಕೊಳ್ಳುವವರೂ ಉಂಟು. ಅವರು ಕೊಡುವುದು ಉರುವಲಿನ ಬೆಲೆ. ಹೊದಿಕೆಯ ಬೆಲೆ ಅದಕ್ಕಿಂತ ಮೇಲಿರುತ್ತದೆ. ಆ ಹೆಚ್ಚಿನ ಬೆಲೆಯಲ್ಲಿ ಹೊಲದ ಯಜಮಾನನಿಗೂ ರವದಿ ಬಳಿದ ಹೆಣ್ಣಾಳಿಗೂ ಪಾಲು ಮುಟ್ಟಿದರೆ ಮಾತ್ರ ಕಡ್ಡಿಪೆಟ್ಟಿಗೆ ಜೇಬಿನಲ್ಲಿ ಉಳಿಯುತ್ತದೆ. ದಲ್ಲಾಳಿಯೊಬ್ಬನೇ ಕೊಬ್ಬುವ ವ್ಯವಸ್ಥೆಯಾದರೆ ಇದೂ ಟೊಮೇಟೊ ಉಳ್ಳಾಗಡ್ಡಿಗಳ ದಾರಿಯನ್ನೇ ಹಿಡಿದೀತು.

ಈಗ ಅತಿ ಗಂಭೀರವಾದ ಆಕ್ಷೇಪಣೆ. ರವದಿ ಹೊಲದ ಆಸ್ತಿ, ಅದನ್ನು ಹೊಲದಲ್ಲಿಯೇ ಕೊಳೆಯಿಸಬೇಕು, ನಗರದ ಕುಂಡಗಳಿಗಾಗಿ ಹೊಲವನ್ನು ಬರಿದು ಮಾಡುವುದು ಪಾಪ ಎನ್ನುವವರಿದ್ದಾರೆ. ಈ ಮಾತನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಕೂಳೆ ಬೆಳೆ ಬಿಡುವ ಹೊಲದಲ್ಲಿ ರವದಿ ಅಲ್ಲಿಯೇ ಇರಬೇಕು. ಬಾರಾಮತಿಯ ಹತ್ತಿರವಿರುವ ಅಜೈವಿಕ ಒತ್ತಡ ನಿರ್ವಹಣೆಯ ರಾಷ್ಟ್ರೀಯ ಸಂಸ್ಥೆಯವರು, ರವದಿಯನ್ನು ಸುಡದೆಯೇ ಕೂಳೆಯ ಮೋಟು ಸವರಿ, ಹಳೆಯ ಬೇರು ಕತ್ತರಿಸಿ, ಗೊಬ್ಬರವನ್ನು ಮಣ್ಣಿನೊಳಗೆ ಇಡುವ ಯಂತ್ರವೊಂದನ್ನು ಸಿದ್ಧಪಡಿಸಿದ್ದಾರೆ. ಅಂತಹವು ಹಳ್ಳಿಹಳ್ಳಿಗೆ ಬಾಡಿಗೆಗೆ ಸಿಕ್ಕುವಂತಾಗಲಿ. ಆದರೆ ಕೊನೆಯ ಕೂಳೆ ಮುಗಿದು, ಹೊಲ ಹರಗಿ ಬೇರೆ ಬೆಳೆಗೆ ಅಣಿಮಾಡುವ ವರ್ಷವೊಂದು ಬರುತ್ತದೆ. ತ್ವರೆಯಿರುವ ಆ ವರ್ಷ ಬಹಳ ಮಂದಿ ಬೆಂಕಿ ಹಚ್ಚಿಯೇ ಹಚ್ಚುತ್ತಾರೆ. ನಮ್ಮ ವ್ಯಾಪಾರ ಅಲ್ಲಿಗೆ ಹೋಗಬೇಕು, ಆ ವರ್ಷದ್ದನ್ನು ತರಬೇಕು, ಅದರಲ್ಲಿಯೂ ಒಂದು ಪಾಲನ್ನು ಹೊಲದಲ್ಲಿಯೇ ಬಿಟ್ಟು ಬರಬೇಕು. ಕೂಳೆಯ ಹೊಲಕ್ಕೆ ಕೈಯಿಕ್ಕುವ ವ್ಯಾಪಾರಿಯಿಂದ ಚೀಲ ಕೊಳ್ಳುವುದಿಲ್ಲವೆಂದು ಗಿರಾಕಿ ಹೇಳಬಲ್ಲನೆ? ಹೇಳಬೇಕು, ಯಾವ ಹೊಲದ ಮಾಲೆಂದು ಕೇಳಬೇಕು. ಈ ಒಂದು ಷರತ್ತಿಲ್ಲದಿದ್ದರೆ ನಾನು ಈ ಲೇಖನವನ್ನೇ ಬರೆಯುತ್ತಿರಲಿಲ್ಲ.

ಆರೋಗ್ಯದ ದೃಷ್ಟಿಯಿಂದ ಕೆಲವು ಎಚ್ಚರಿಕೆಗಳು ಅವಶ್ಯ. ಒದ್ದೆಯಾಗಿ ಬೂಷ್ಟು ಹಿಡಿದ ಕಬ್ಬಿನ ಸಿಪ್ಪೆಯ ಧೂಳನ್ನು ಉಸಿರಾಡಿದ ಕಾರ್ಮಿಕರಿಗೆ ಬಗಾಸೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರುವುದು ವೈದ್ಯಶಾಸ್ತ್ರಕ್ಕೆ ಬಹಳ ಕಾಲದಿಂದ ತಿಳಿದಿದೆ. ಧೂಳು ಕುಡಿದ ಕೆಲವು ಗಂಟೆಗಳಲ್ಲಿ ಚಳಿಜ್ವರ, ಕೆಮ್ಮು, ಉಬ್ಬಸ ಕಾಣಿಸಿಕೊಳ್ಳುತ್ತವೆ. ಅದನ್ನು ಸಾಮಾನ್ಯ ಫ್ಲೂ ಎಂದೇ ತಿಳಿಯುವುದುಂಟು. ಬೂಷ್ಟು ಹಿಡಿದ ಹುಲ್ಲು, ರವದಿಗಳಿಂದಲೂ ಇಂತಹುದೇ ತೊಂದರೆ ಆಗಬಲ್ಲುದು. ಆದುದರಿಂದ ಕತ್ತರಿಸುವ ಶೆಡ್ಡಿನಲ್ಲಿ ದುಡಿಯುವವರಿಗೆ ಮೂಗುಬಾಯಿ ಬಿಗಿಯಾಗಿ ಮುಚ್ಚುವ ಒಳ್ಳೆಯ ಮಾಸ್ಕು, ಗಾಳಿಯಾಡುವ ಜಾಗ, ಕೈಚೀಲ, ಗಂಬೂಟು ಇರಲೇಬೇಕು. ಇಲಿಜ್ವರದ ಕಥೆಯನ್ನು ಮೇಲೆ ಹೇಳಿದ್ದೇನೆ; ಯಂತ್ರ ಬಂದ ಮೇಲೆ ಕ್ವೀನ್ಸ್‌ಲ್ಯಾಂಡಿನವರು ಅದರಿಂದ ಬಹುಮಟ್ಟಿಗೆ ಪಾರಾದರು, ಕೈಯಿಂದಲೇ ಬಳಿಯುವ ನಮ್ಮ ಹೆಣ್ಣುಮಕ್ಕಳು ಪಾರಾಗಿಲ್ಲ. ಅವರ ಕಾಲಿಗೆ ಬೂಟು ಕೊಡಿಸದೆ ತಂದ ಹೊದಿಕೆ ನಮ್ಮ ತುಳಸಿಗೆ ಬೇಡ.

ಮನೆಯಲ್ಲಿ ಚೀಲ ತೆರೆಯುವವರೂ ಮುಖವನ್ನು ಚೀಲದ ಮೇಲಿಡದೆ, ಮೊದಲು ಸ್ವಲ್ಪ ನೀರು ಚಿಮುಕಿಸಿ ಧೂಳಡಗಿಸಿಕೊಳ್ಳುವುದು ಲೇಸು. ಆಸ್ಟ್ರೇಲಿಯಾದಲ್ಲಿ ಕುಂಡದ ಮಣ್ಣಿನ ಚೀಲಗಳ ಮೇಲೆ ಇಂತಹ ಎಚ್ಚರಿಕೆಯನ್ನು ಮುದ್ರಿಸುತ್ತಾರೆ. ಮಣ್ಣು ಗೊಬ್ಬರಗಳ ಧೂಳಿನಿಂದ ಲೀಜನೆಲ್ಲಾ ಎಂಬ ಸೂಕ್ಷ್ಮಾಣು ಶ್ವಾಸಕೋಶ ಸೇರಿ ನ್ಯುಮೋನಿಯಾ ಬಂದ ಪ್ರಸಂಗಗಳು ಅಲ್ಲಿವೆ. ದಮ್ಮಿನವರು, ವೃದ್ಧರು ಈ ಕೆಲಸವನ್ನು ಮನೆಯ ಕಿರಿಯರಿಗೆ ಬಿಡಲಿ. ಹೊದಿಕೆಯಿಂದ ಒಂದು ಪರೋಕ್ಷ ಲಾಭವೂ ಇದೆ. ತೇವ ಉಳಿಯುವುದರಿಂದ ಮಿತಿಮೀರಿ ನೀರು ಹಾಕಬೇಕಾಗಿಲ್ಲ; ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲುವುದು ಕಡಿಮೆಯಾಗುತ್ತದೆ. ಡೆಂಗ್ಯೂ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಇಂತಹ ತಿಳಿನೀರಿನಲ್ಲಿಯೇ. ಆದರೂ ವಾರಕ್ಕೊಮ್ಮೆ ತಟ್ಟೆ ಬರಿದು ಮಾಡಿ ಉಜ್ಜುವ ಕೆಲಸ ತಪ್ಪುವುದಿಲ್ಲ.

ಬಳಸುವ ಕ್ರಮ ಸರಳ. ಎರಡಂಗುಲ ದಪ್ಪಕ್ಕೆ ಹರಡಿ, ಗಿಡದ ಕಾಂಡಕ್ಕೆ ತಗಲದಂತೆ ಎರಡು ಬೆರಳಿನ ಜಾಗ ಬಿಡಬೇಕು; ತಗಲಿದರೆ ಕಾಂಡ ಕೊಳೆಯುತ್ತದೆ. ಮಣ್ಣಿನಲ್ಲಿ ಮಾತ್ರ ಕಲಸಬಾರದು. ರವದಿಯಲ್ಲಿ ಇಂಗಾಲ ಬಹಳ, ಸಾರಜನಕ ಅಲ್ಪ. ಕಲಸಿದರೆ ಅದನ್ನು ಕೊಳೆಸುವ ಜೀವಾಣುಗಳು ಮಣ್ಣಿನಲ್ಲಿರುವ ಸಾರಜನಕವನ್ನೇ ಸೆಳೆದುಕೊಂಡು ಗಿಡದ ಎಲೆ ಹಳದಿಯಾಗುತ್ತದೆ. ಮೇಲಿಟ್ಟರೆ ಈ ಬಾಧೆಯಿಲ್ಲ.

ಒಂದು ಮಾತು ವ್ಯಾಪಾರಕ್ಕೆ ವಿರುದ್ಧವಾಗಿ ಕಂಡರೂ ಹೇಳಿಬಿಡುತ್ತೇನೆ. ಸೊಸೈಟಿಯ ಅಂಗಳದಲ್ಲಿ ಬಾದಾಮಿ, ಗುಲ್‌ಮೋಹರ್, ಮಾವಿನ ಮರಗಳಿದ್ದರೆ ಮೊದಲು ಆ ತರಗೆಲೆಯನ್ನೇ ಬಳಸತಕ್ಕದ್ದು. ಅದನ್ನು ಗುಡಿಸಿ ಮೂಲೆಯಲ್ಲಿ ಸುಡುವ ಕಾವಲುಗಾರನನ್ನು ಕಂಡೂ ಕಾಣದಂತೆ ಹೋಗುವವರಿಗೆ ಹಳ್ಳಿಯ ರೈತನ ಬೆಂಕಿಯನ್ನು ಕುರಿತು ಮಾತಾಡುವ ಹಕ್ಕಿಲ್ಲ. 2016ರ ಘನತ್ಯಾಜ್ಯ ನಿಯಮಗಳಲ್ಲಿಯೇ ತೋಟದ ಕಸ ಸುಡುವುದಕ್ಕೆ ನಿಷೇಧ ಬಂದಿತ್ತು. ತರಗೆಲೆ ಸಾಲದೆಡೆಗೆ ರವದಿ ಬರಲಿ.

ನಮ್ಮ ಸಂಘದಲ್ಲಿ ರಾಜ್ಯೋತ್ಸವಕ್ಕೆ ಊರಿನಿಂದ ಮೆಕ್ಕಿಕಾಯಿ, ಖಾರಬ್ಯಾಳಿ, ಸಜ್ಜೆರೊಟ್ಟಿ ತರಿಸುವ ಉತ್ಸಾಹಿಗಳಿದ್ದಾರೆ. ಅದೇ ಗಾಡಿಯಲ್ಲಿ ಹತ್ತು ಚೀಲ ಹೊದಿಕೆಯನ್ನೂ ತರಿಸಬಾರದೇಕೆ? ಊರಿನ ಹೆಣ್ಣುಮಕ್ಕಳ ಸ್ವಸಹಾಯ ಗುಂಪೊಂದು ಒತ್ತುಯಂತ್ರಕ್ಕೆ ಬ್ಯಾಂಕಿನ ಸಾಲ ಕೇಳುವಾಗ, ಪುಣೆಯಲ್ಲಿ ಇಷ್ಟು ಮಂದಿ ಗಿರಾಕಿಗಳು ಮುಂಗಡ ಹೇಳಿದ್ದಾರೆಂಬ ಒಂದು ಕಾಗದ ಅವರ ಕೈಯಲ್ಲಿದ್ದರೆ ಮ್ಯಾನೇಜರನ ಮುಖಭಾವವೇ ಬೇರೆಯಾಗುತ್ತದೆ. ಆದರೆ ಈ ಬೇಡಿಕೆ ದೀಪಾವಳಿಗೆ ಮೊದಲೇ ಅವರಿಗೆ ತಲುಪಬೇಕು. ಕಡಿತ ಆರಂಭವಾಗುವ ಮೊದಲು ಯಾವ ಹೊಲ ಕೊನೆಯ ಕೂಳೆಯದೆಂದು ಗೊತ್ತುಮಾಡಿಕೊಂಡು, ರೈತನ ಹತ್ತಿರ ಮಾತಾಡಿ, ರವದಿ ಕಾದಿಡಲು ಹೇಳಬೇಕಾಗುತ್ತದೆ. ಇಷ್ಟವಿರುವ ಸದಸ್ಯರು ಕುಂಡಗಳ ಸಂಖ್ಯೆಯ ಜೊತೆಗೆ ಅವುಗಳ ಬಾಯಿಯ ಅಗಲವನ್ನೂ ಬರೆದು ಕಾರ್ಯಕಾರಿ ಮಂಡಳಿಗೆ ಕೊಟ್ಟರೆ ಎಷ್ಟು ಕ್ವಿಂಟಾಲು ಬೇಕಾದೀತೆಂದು ಲೆಕ್ಕ ಹಾಕುವುದು ಕಷ್ಟವಲ್ಲ. ಸೊಸೈಟಿಯ ಪಾತಿಗಳಿದ್ದರೆ ಉದ್ದಗಲಗಳನ್ನು ಬೇರೆ ಚೀಟಿಯಲ್ಲಿ ಬರೆಯಲಿ.